ಪ್ರಸಾದ ನಿಲಯದ ಗೋಡೆಗೆ ಒಂದು ಆವರ್ತ ಕೋಷ್ಟಕ



ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದ ಪ್ರವಚನದ ವೇದಿಕೆಯ ಮೇಲೆ ನಾನೊಂದು ತಪ್ಪು ಮಾಡಿದೆ. ಚಿತ್ತಾಪುರ ತಾಲ್ಲೂಕಿನ ಒಂದು ಮಠ. ಪೂಜ್ಯರು, 'ನೀವು ವಿಜ್ಞಾನದ ಮಾಸ್ತರರು, ಮಕ್ಕಳಿಗೆ ನಾಕು ಮಾತು ಹೇಳ್ರಿ' ಎಂದು ಅಪ್ಪಣೆ ಮಾಡಿದರು. ನಾನು ಎದ್ದು ನಿಂತು, 'ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ಶರಣರಿಗೆ ಪರಮಾಣು ಗೊತ್ತಿತ್ತು. ವಚನಗಳಲ್ಲಿ ಅಣು ಎಂಬ ಶಬ್ದವಿದೆ. ಪಶ್ಚಿಮದವರು ಅದನ್ನು ಕಂಡದ್ದು ನೂರಾರು ವರ್ಷಗಳ ನಂತರ' ಎಂದೆ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು.

ಪ್ರಸಾದಕ್ಕೆ ಕುಳಿತಾಗ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ತನ್ನ ತಾಯಿಯ ಪಕ್ಕದಿಂದ ಎದ್ದು ಬಂದಳು. 'ಸರ್, ಹಂಗಾದ್ರ ಕ್ಯಾಲ್ಸಿಯಂದಾಗ ಎಷ್ಟು ಎಲೆಕ್ಟ್ರಾನ್ ಅವ ಅಂತ ಶರಣರು ಯಾವ ವಚನದಾಗ ಹೇಳ್ಯಾರ್ರಿ? ಪರೀಕ್ಷಾದಾಗ ಬರೀತೀನ್ರಿ' ಎಂದಳು. ಅವಳು ಕುಹಕ ಮಾಡಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು. ನನ್ನ ಹತ್ತಿರ ಉತ್ತರವಿರಲಿಲ್ಲ. 'ಆಮೇಲೆ ಹೇಳ್ತೀನವ್ವಾ' ಎಂದು ಜಾರಿಕೊಂಡೆ.

ಮೂವತ್ತು ವರ್ಷ ಈ ಭಾಗದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಗುರುಗಳನ್ನು ದೊಡ್ಡವರನ್ನಾಗಿ ತೋರಿಸಲು ಹೋಗಿ ಅವರ ಹೆಸರಿನಲ್ಲಿ ಸುಳ್ಳು ಹೇಳಿದ್ದೆ. ಅದೇ ಹೊತ್ತಿಗೆ ಒಂದು ಮಗುವಿಗೆ ನಿಜವಾದ ಪಾಠ ಹೇಳುವ ಅವಕಾಶವನ್ನೂ ಕಳೆದುಕೊಂಡಿದ್ದೆ. ಈ ಲೇಖನ ಆ ಎರಡೂ ತಪ್ಪುಗಳಿಗೆ ಪ್ರಾಯಶ್ಚಿತ್ತ.

ಮೊದಲು ಶಬ್ದದ ವಿಚಾರ. ಹಳೆಯ ಕನ್ನಡದಲ್ಲಿ 'ಅಣು' ಎಂದರೆ ಅತಿ ಸಣ್ಣದು ಎಂದಷ್ಟೇ ಅರ್ಥ. ಶರಣರು ದೇವರ ವ್ಯಾಪ್ತಿಯನ್ನು ಹೇಳಲು, ಮನುಷ್ಯನ ಅಹಂಕಾರ ಇಳಿಸಲು ಆ ಶಬ್ದ ಬಳಸಿದರು. ಇಂದಿನ ಪಠ್ಯಪುಸ್ತಕದಲ್ಲಿ 'ಪರಮಾಣು' ಎಂದರೆ ಒಂದು ಧಾತುವಿನ ಅತಿ ಚಿಕ್ಕ ಘಟಕ. 'ಅಣು' ಎಂದರೆ ಪರಮಾಣುಗಳು ಕೂಡಿ ಆದದ್ದು. ಶಬ್ದ ಒಂದೇ, ವಿಷಯ ಬೇರೆ. ಕಣಾದರ ವೈಶೇಷಿಕ ದರ್ಶನದಲ್ಲಿಯೂ ಗ್ರೀಸಿನ ಡೆಮಾಕ್ರಿಟಸನ ಮಾತಿನಲ್ಲಿಯೂ ಒಡೆಯಲಾಗದ ಕಣದ ಕಲ್ಪನೆ ಇತ್ತು. ಅದು ಚಿಂತನೆ. ತೂಗಿ, ಅಳೆದು, ಪ್ರಯೋಗ ಮಾಡಿ ತೋರಿಸಿದ್ದು ಬಹಳ ಈಚೆಗೆ. ಇದನ್ನು ಒಪ್ಪಿಕೊಂಡರೆ ಶರಣರು ಕಿಂಚಿತ್ತೂ ಸಣ್ಣವರಾಗುವುದಿಲ್ಲ. ಅವರು ನಮಗೆ ಬಿಟ್ಟುಹೋದದ್ದು ಧಾತುಗಳ ಪಟ್ಟಿಯನ್ನಲ್ಲ. ಕೇಳು, ವಿಚಾರಿಸು, ನಿನ್ನ ಅನುಭವದಲ್ಲಿ ಒರೆಗೆ ಹಚ್ಚು, ತಿಳಿದದ್ದನ್ನು ಜನರ ನುಡಿಯಲ್ಲಿ ಹೇಳು ಎಂಬ ದಾರಿಯನ್ನು ಬಿಟ್ಟುಹೋದರು. ಆ ದಾರಿಯಲ್ಲಿ ನಡೆದಿದ್ದರೆ ನಾನು ಆ ಹುಡುಗಿಯ ಪ್ರಶ್ನೆಗೆ ಹೆದರುತ್ತಿರಲಿಲ್ಲ.

ಈಗ ನಮ್ಮ ಮಕ್ಕಳ ಸ್ಥಿತಿ ನೋಡೋಣ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಮೊದಲ ಸ್ಥಾನದಲ್ಲಿದ್ದ ದಕ್ಷಿಣ ಕನ್ನಡದ ಫಲಿತಾಂಶ ಶೇಕಡಾ 91.12. ಕೊನೆಯ ಸ್ಥಾನದಲ್ಲಿದ್ದ ನಮ್ಮ ಕಲಬುರಗಿ ಜಿಲ್ಲೆಯದು ಶೇಕಡಾ 42.43. ನೂರಕ್ಕೆ ಐವತ್ತೇಳು ಮಕ್ಕಳು ಮೊದಲ ಹೊಸ್ತಿಲಲ್ಲೇ ಎಡವಿದರು. ಅವರಲ್ಲಿ ನಮ್ಮ ಮಠಗಳ ಪ್ರಸಾದ ನಿಲಯದಲ್ಲಿ ಉಂಡು ಓದಿದವರೂ ಇದ್ದಾರೆ.

ಇದರ ಜೊತೆಗೆ ಇನ್ನೊಂದು ಸಂಗತಿ. 2023ರಲ್ಲಿ ಅಚ್ಚಾದ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಧಾತುಗಳ ಆವರ್ತನೀಯ ವರ್ಗೀಕರಣದ ಅಧ್ಯಾಯವನ್ನು ಕೈಬಿಟ್ಟರು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಬೇಕು, ಹೇಗೂ ಹನ್ನೊಂದನೇ ತರಗತಿಯಲ್ಲಿ ಅದು ಇದೆ ಎಂಬುದು ಸಮಜಾಯಿಷಿ. ಹನ್ನೊಂದರಲ್ಲಿ ವಿಜ್ಞಾನ ತೆಗೆದುಕೊಳ್ಳುವವರಿಗೆ ಅದು ಸರಿ. ಹತ್ತರ ನಂತರ ಕಲಾ ವಿಭಾಗಕ್ಕೋ, ಐಟಿಐಗೋ, ಖಣಿಯ ಕೆಲಸಕ್ಕೋ ಹೋಗುವ ಮಗುವಿಗೆ ಆ ಪಾಠ ಇಡೀ ಜನ್ಮದಲ್ಲಿ ಸಿಗುವುದಿಲ್ಲ. ನಮ್ಮ ಐದೂ ಊರುಗಳಲ್ಲಿ ಅಂಥ ಮಕ್ಕಳೇ ಹೆಚ್ಚು.

ಪುಸ್ತಕದಲ್ಲಿ ಪಾಠ ಇದ್ದಾಗಲಾದರೂ ನಾವು ಏನು ಕಲಿಸಿದೆವು? ನಾನು ಬೆರಳು ತೋರಿಸುವುದು ನನ್ನ ಕಡೆಗೇ. ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ ಎಂದು ಇಪ್ಪತ್ತು ಹೆಸರು ಗಿಳಿಪಾಠ ಒಪ್ಪಿಸಿದವರಿಗೆ ಶಹಬ್ಬಾಸ್, ತಪ್ಪಿದವರಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ಸೋಡಿಯಂಗೆ 'ಎಸ್' ಬರೆಯದೆ 'ಎನ್‌ಎ' ಏಕೆ ಬರೆಯಬೇಕು ಎಂದು ಕೇಳಿದವನಿಗೆ 'ಸುಮ್ಮನೆ ಬರಿ' ಎಂದಿದ್ದೇನೆ. ಸೋಡಿಯಂಗೆ ಲ್ಯಾಟಿನ್ ಹೆಸರು ನೇಟ್ರಿಯಂ, ಪೊಟ್ಯಾಸಿಯಂಗೆ ಕೇಲಿಯಂ, ಕಬ್ಬಿಣಕ್ಕೆ ಫೆರ್ರಂ, ಅದಕ್ಕೇ ಆ ಅಕ್ಷರಗಳು ಎಂದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು.

ಶಹಾಬಾದಿನ ಒಬ್ಬ ಹುಡುಗ ನನ್ನ ಕಣ್ಣು ತೆರೆಸಿದ. ಅವನ ತಂದೆ ಫರಸಿ ಖಣಿಯಲ್ಲಿ ಕೂಲಿ. ಒಂದು ದಿನ ಹುಡುಗ ಕೇಳಿದ: 'ಸರ್, ಈ ಕ್ಯಾಲ್ಸಿಯಂ ಎಲ್ಲಿ ಸಿಗ್ತದ್ರಿ?' ನಾನು ಪುಸ್ತಕದಲ್ಲಿದ್ದಂತೆ, 'ಪ್ರಕೃತಿಯಲ್ಲಿ ಸಂಯುಕ್ತ ರೂಪದಲ್ಲಿ ದೊರೆಯುತ್ತದೆ' ಎಂದೆ. ಅವನು ಕುಳಿತದ್ದು ಶಹಾಬಾದ್ ಫರಸಿಯ ಮೇಲೆ. ಆ ಫರಸಿ ಸುಣ್ಣದ ಕಲ್ಲು. ಅವನ ಅಪ್ಪ ದಿನವಿಡೀ ಒಡೆಯುತ್ತಿದ್ದದ್ದೂ ಅದನ್ನೇ. ಅವನ ಅಂಗಿಗೆ ಹತ್ತಿದ ಧೂಳಿನಲ್ಲಿಯೂ ಕ್ಯಾಲ್ಸಿಯಂ ಇತ್ತು. ಅದನ್ನು ಹೇಳದ ಮಾಸ್ತರ ನಾನು. ಹುಡುಗ ಹತ್ತನೇ ತರಗತಿ ದಾಟಲಿಲ್ಲ. ಅಪ್ಪನ ಖಣಿಗೇ ಹೋದ.

ಅಂದಿನಿಂದ ನಾನು ಪಾಠವನ್ನು ನೆಲದಿಂದ ಆರಂಭಿಸಿದೆ. ಒಂದು ತುಂಡು ಫರಸಿಯನ್ನು ಪುಡಿ ಮಾಡಿಸಿ ಮೇಲೆ ಲಿಂಬೆ ಹುಳಿ ಹಿಂಡಿಸಿದರೆ ಸಣ್ಣಗೆ ಬುರುಗು ಏಳುತ್ತದೆ. ಅದು ಕಾರ್ಬನ್ ಡೈಆಕ್ಸೈಡ್. ಸುಣ್ಣದ ತಿಳಿನೀರಿಗೆ ಹಪ್ಪಳದ ಬಣ್ಣದ ಪುಡಿ ಏನೂ ಬೇಡ, ಕೊಳವೆಯಿಂದ ಉಸಿರು ಊದಿದರೆ ಸಾಕು, ನೀರು ಹಾಲಿನಂತಾಗುತ್ತದೆ. ಉಸಿರಿನಲ್ಲಿಯೂ ಅದೇ ಅನಿಲ. ಇದನ್ನು ನೋಡಿದ ಮೇಲೆ 'ಈ ಕಲ್ಲಿನಲ್ಲಿ ಗಾಳಿ ಹೆಂಗ ಸೇರಿತ್ರಿ?' ಎಂದು ಮಕ್ಕಳು ತಾವೇ ಕೇಳುತ್ತಾರೆ. ಪಾಠ ಆರಂಭವಾಗುವುದು ಅಲ್ಲಿಂದ.

ಸುಣ್ಣದ ಕಲ್ಲಿನ ಒಂದೊಂದು ಘಟಕದಲ್ಲಿ ಒಂದು ಕ್ಯಾಲ್ಸಿಯಂ, ಒಂದು ಕಾರ್ಬನ್, ಮೂರು ಆಕ್ಸಿಜನ್. ಪರಮಾಣು ತೂಕಗಳನ್ನು ಕೂಡಿಸಿದರೆ 40, 12 ಮತ್ತು 48. ಒಟ್ಟು ಸರಿಯಾಗಿ 100. ಈ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾಯಿಸಿದರೆ 56 ಪಾಲು ಸುಟ್ಟ ಸುಣ್ಣ ಉಳಿಯುತ್ತದೆ, 44 ಪಾಲು ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಅಂದರೆ ಶುದ್ಧ ಸುಣ್ಣದ ಕಲ್ಲು ನೂರು ಕಿಲೋ ಸುಟ್ಟರೆ ಕೈಗೆ ಬರುವುದು ಐವತ್ತಾರು ಕಿಲೋ. ಭಟ್ಟಿಯವರಿಗೆ ಈ ಲೆಕ್ಕ ಅನುಭವದಿಂದ ಗೊತ್ತು. ಪರಮಾಣುಗಳ ತೂಕದಿಂದ ಕಾಗದದ ಮೇಲೆಯೇ ಅದೇ ಉತ್ತರ ಬಂದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುತ್ತದೆ. ಅದನ್ನು ಮಾಸ್ತರರೇ ಮಾಡಬೇಕು, ಮಕ್ಕಳು ದೂರ ನಿಲ್ಲಬೇಕು, ಕಣ್ಣಿಗೆ ಸಿಡಿದರೆ ಅಪಾಯ. ಆ ಸುಣ್ಣವನ್ನು ಮಠದ ಗೋಡೆಗೆ ಬಳಿದರೆ ಅದು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಖಣಿಯಿಂದ ಹೊರಟ ಕ್ಯಾಲ್ಸಿಯಂ ಭಟ್ಟಿ ದಾಟಿ, ಗೋಡೆಯ ಮೇಲೆ ಮತ್ತೆ ಕಲ್ಲಾಗಿ ಕುಳಿತಿತು. ರೂಪ ಮೂರು, ಪರಮಾಣು ಅದೇ.

ಆ ಪರಮಾಣುವಿನ ಒಳಗೆ ಏನಿದೆ? ನಡುವೆ ನ್ಯೂಕ್ಲಿಯಸ್. ಅದರಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್. ಸುತ್ತಲೂ ಎಲೆಕ್ಟ್ರಾನ್. ಕ್ಯಾಲ್ಸಿಯಂನಲ್ಲಿ 20 ಪ್ರೋಟಾನ್, 20 ಎಲೆಕ್ಟ್ರಾನ್. ಎಲೆಕ್ಟ್ರಾನುಗಳು ಕವಚಗಳಲ್ಲಿ 2, 8, 8, 2 ಎಂದು ಹಂಚಿಕೊಂಡಿವೆ. ಕೊನೆಯ ಕವಚದ ಎರಡನ್ನು ಅದು ಬಿಟ್ಟುಕೊಡುತ್ತದೆ, ಅದಕ್ಕೇ ಅದರ ವೇಲೆನ್ಸಿ ಎರಡು. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ಇಷ್ಟೇ.

ಅಳತೆಯನ್ನು ಮಕ್ಕಳಿಗೆ ಹೀಗೆ ಹೇಳುತ್ತೇನೆ. ಅರ್ಧ ಕಿಲೋಮೀಟರ್ ಅಗಲದ ಒಂದು ಖಣಿಯನ್ನು ಪರಮಾಣು ಎಂದುಕೊಳ್ಳಿರಿ. ಅದರ ನಟ್ಟನಡುವೆ ಇಟ್ಟ ಒಂದು ತೊಗರಿ ಕಾಳು, ಅಷ್ಟೇ ನ್ಯೂಕ್ಲಿಯಸ್. ಸ್ಥೂಲವಾಗಿ ಒಂದು ಲಕ್ಷಕ್ಕೆ ಒಂದರ ಪ್ರಮಾಣ. ಆದರೂ ಪರಮಾಣುವಿನ ತೂಕವೆಲ್ಲ ಬಹುತೇಕ ಆ ಕಾಳಿನಲ್ಲಿದೆ. 'ಹಂಗಾದ್ರ ಈ ಕಲ್ಲು ಬರೀ ಖಾಲಿ ಏನ್ರಿ? ನಾವ್ಯಾಕ ಕೆಳಗ ಬೀಳಂಗಿಲ್ಲ?' ಎಂಬ ಪ್ರಶ್ನೆ ಬರುತ್ತದೆ. ಬರಬೇಕು. ಎಲೆಕ್ಟ್ರಾನುಗಳು ಒಂದನ್ನೊಂದು ಒತ್ತರಿಸಲು ಬಿಡುವುದಿಲ್ಲ ಎಂಬ ಉತ್ತರಕ್ಕೆ ಹೋಗುವ ದಾರಿ ಅದೇ.

ಈ ತಿಳಿವಳಿಕೆ ಹೇಗೆ ಬಂತು ಎಂಬ ಕಥೆಯನ್ನೂ ಮಕ್ಕಳಿಗೆ ಹೇಳಬೇಕು. ಜಾನ್ ಡಾಲ್ಟನ್ 1766ರಲ್ಲಿ ಹುಟ್ಟಿದ ಇಂಗ್ಲೆಂಡಿನ ಒಬ್ಬ ನೇಕಾರನ ಮಗ. ಹನ್ನೆರಡನೆಯ ವಯಸ್ಸಿಗೇ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳತೊಡಗಿದ. ಕ್ವೇಕರ್ ಪಂಥದವನಾದ್ದರಿಂದ ಅಂದಿನ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಬಾಗಿಲು ಅವನಿಗೆ ಮುಚ್ಚಿತ್ತು. 1808ರಲ್ಲಿ ಪರಮಾಣು ಸಿದ್ಧಾಂತದ ಪುಸ್ತಕ ಹೊರತಂದವನು ಅವನೇ. ಮಗ್ಗದ ಮನೆಯಿಂದ ಬಂದ ಜೇಡರ ದಾಸಿಮಯ್ಯನವರನ್ನು ನೆನೆಯುವ ನಮಗೆ, ಕಾಯಕದ ಮನೆಯಲ್ಲಿ ಅರಿವು ಹುಟ್ಟುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರಮಾಣು ಒಡೆಯದು ಎಂದ ಡಾಲ್ಟನ್. 1897ರಲ್ಲಿ ಜೆ. ಜೆ. ಥಾಮ್ಸನ್ ಅದರೊಳಗಿನ ಎಲೆಕ್ಟ್ರಾನ್ ತೋರಿಸಿದ. ಎಲೆಕ್ಟ್ರಾನುಗಳು ಪರಮಾಣುವಿನ ತುಂಬ ಹುದುಗಿಕೊಂಡಿವೆ ಎಂದು ಅವನ ಎಣಿಕೆ. ಅವನ ಶಿಷ್ಯ ರುದರ್‌ಫೋರ್ಡ್, ತೆಳುವಾದ ಚಿನ್ನದ ಹಾಳೆಗೆ ಆಲ್ಫಾ ಕಣಗಳನ್ನು ಹೊಡೆಸಿದಾಗ ಸಾವಿರಾರು ಕಣಗಳಲ್ಲಿ ಒಂದೊಂದು ಹಿಂದಕ್ಕೆ ಚಿಮ್ಮಿತು. ಹಾಗಾದರೆ ನಡುವೆ ಗಟ್ಟಿಯಾದದ್ದು ಏನೋ ಇದೆ ಎಂದು 1911ರಲ್ಲಿ ನ್ಯೂಕ್ಲಿಯಸ್ಸಿನ ವಿಚಾರ ಮುಂದಿಟ್ಟ. ರುದರ್‌ಫೋರ್ಡನ ಜೊತೆ ಕೆಲಸ ಮಾಡಿದ್ದ ಬೋರ್ 1913ರಲ್ಲಿ ಅದನ್ನು ತಿದ್ದಿದ. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡ. ಇಲ್ಲಿ ಶಿಷ್ಯ ಗುರುವಿನ ಮಾತನ್ನು ಮುರಿದರೂ ಗುರುದ್ರೋಹ ಆಗಲಿಲ್ಲ, ಗುರುವಿನ ಕೆಲಸ ಮುಂದುವರಿಯಿತು. ನಮ್ಮ ಅನುಭವ ಮಂಟಪದ ಪರಂಪರೆಯವರಿಗೆ ಇದು ಅಪರಿಚಿತವಾಗಬಾರದು.

ಇನ್ನು ಆವರ್ತ ಕೋಷ್ಟಕ. 1869ರಲ್ಲಿ ರಷ್ಯಾದ ಮೆಂಡಲೀವ್ ಆಗ ಗೊತ್ತಿದ್ದ 63 ಧಾತುಗಳನ್ನು ತೂಕದ ಕ್ರಮದಲ್ಲಿ ಜೋಡಿಸಿದ. ಗುಣಗಳು ಮತ್ತೆ ಮತ್ತೆ ಮರಳಿ ಬರುವುದನ್ನು ಕಂಡ. ಎಲ್ಲಿ ಹೊಂದಲಿಲ್ಲವೋ ಅಲ್ಲಿ ಜಾಗ ಖಾಲಿ ಬಿಟ್ಟ. 'ಇಲ್ಲಿ ಒಂದು ಧಾತು ಇರಬೇಕು, ನಾವಿನ್ನೂ ಕಂಡಿಲ್ಲ' ಎಂದ. ಆ ಖಾಲಿ ಮನೆಗಳಿಗೆ ಹೆಸರಿಡಲು ಅವನು ಆಯ್ದುಕೊಂಡದ್ದು 'ಏಕ' ಎಂಬ ಸಂಸ್ಕೃತ ಶಬ್ದ: ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್. 1875ರಲ್ಲಿ ಗ್ಯಾಲಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕವು. ಅವನು ಮೊದಲೇ ಹೇಳಿದ ಗುಣಗಳಿಗೆ ಬಹಳ ಹತ್ತಿರವಾಗಿದ್ದವು. ಗ್ಯಾಲಿಯಂ ಸುಮಾರು 30 ಡಿಗ್ರಿಗೆ ಕರಗುವ ಲೋಹ. ನಮ್ಮ ಮೇ ತಿಂಗಳ ಬಿಸಿಲಿಗೆ ತಾನಾಗಿಯೇ ನೀರಾಗುತ್ತದೆ ಎಂದರೆ ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಖಾಲಿ ಬಿಡುವ ಪ್ರಾಮಾಣಿಕತೆ ನನಗೆ ಆ ಶ್ರಾವಣದ ವೇದಿಕೆಯ ಮೇಲೆ ಇರಲಿಲ್ಲ.

ಕಲಿಸುವ ರೀತಿ ಸುಲಭ. ರಟ್ಟಿನ ಇಪ್ಪತ್ತು ಚೀಟಿ ಮಾಡಿಸಿ. ಒಂದೊಂದರ ಮೇಲೆ ಒಂದೊಂದು ಧಾತುವಿನ ಹೆಸರು, ಪರಮಾಣು ತೂಕ, ಅದು ಯಾವುದರೊಂದಿಗೆ ಹೇಗೆ ಕೂಡುತ್ತದೆ ಎಂಬ ಒಂದು ಸಾಲು. ಮಕ್ಕಳು ನೆಲದ ಮೇಲೆ ತಾವೇ ಜೋಡಿಸಲಿ. ತೂಕದ ಪ್ರಕಾರ ಇಟ್ಟರೆ ಕೊನೆಗೆ ಒಂದು ಜಗಳ ಬಂದೇ ಬರುತ್ತದೆ. ಆರ್ಗಾನ್ ತೂಕ 39.95, ಪೊಟ್ಯಾಸಿಯಂ 39.10. ಹೀಗಾದರೆ ಪೊಟ್ಯಾಸಿಯಂ ಜಡಾನಿಲಗಳ ಸಾಲಿಗೆ, ಆರ್ಗಾನ್ ಸೋಡಿಯಂನ ಸಾಲಿಗೆ ಹೋಗುತ್ತದೆ. ಹೊಂದುವುದಿಲ್ಲ. ಹಾಗಾದರೆ ತೂಕಕ್ಕಿಂತ ಆಳವಾದ ಲೆಕ್ಕ ಯಾವುದು? 1913ರಲ್ಲಿ ಮೋಸ್ಲಿ ಎಂಬ ತರುಣ ಎಕ್ಸ್-ರೇ ಅಳತೆಯಿಂದ ತೋರಿಸಿದ: ಪರಮಾಣು ಸಂಖ್ಯೆಯೇ ಆ ಲೆಕ್ಕ. ಅಂದರೆ ಪ್ರೋಟಾನುಗಳ ಎಣಿಕೆ. ಆರ್ಗಾನ್ 18, ಪೊಟ್ಯಾಸಿಯಂ 19, ಜಗಳ ಮುಗಿಯಿತು. ಇಂದು ಕೋಷ್ಟಕದಲ್ಲಿ 118 ಧಾತುಗಳಿವೆ.

ಒಮ್ಮೆ ಚೀಟಿ ಜೋಡಿಸುವಾಗ ಒಬ್ಬ ಹುಡುಗ, 'ಹದಿನೆಂಟು ಗುಂಪು ಅಂದ್ರ ಹದಿನೆಂಟು ಜಾತಿ ಏನ್ರಿ?' ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹದಿನಾಲ್ಕು ವರ್ಷದ ಮಗು ಯಾವ ಪಟ್ಟಿ ನೋಡಿದರೂ ಅದಕ್ಕೆ ಮೊದಲು ನೆನಪಾಗುವುದು ಜಾತಿ. ನಾನು ಹೇಳಿದೆ: ಮೇಲಿನ ಗುಂಪು, ಕೆಳಗಿನ ಗುಂಪು ಎಂಬುದು ಇಲ್ಲಿಲ್ಲಪ್ಪಾ. ಯಾರೊಂದಿಗೂ ಸುಲಭಕ್ಕೆ ಕೂಡದ ಜಡಾನಿಲಗಳಿಂದ ಕಲ್ಲೂ ಆಗಲಿಲ್ಲ, ಎಲುಬೂ ಆಗಲಿಲ್ಲ. ಕೊಟ್ಟು ತೆಗೆದುಕೊಳ್ಳುವ ಧಾತುಗಳಿಂದಲೇ ಈ ಲೋಕ ಕಟ್ಟಿದೆ. ಅಷ್ಟು ಹೇಳಿ ನಿಲ್ಲಿಸಿದೆ. ಪರಮಾಣು ನೀತಿ ಬೋಧಿಸುವುದಿಲ್ಲ, ಅದರ ಬಾಯಲ್ಲಿ ನಮ್ಮ ಮಾತು ತುರುಕಬಾರದು. ಜಾತಿ ಸುಳ್ಳು ಎಂಬುದಕ್ಕೆ ಶರಣರ ಬಾಳು ಸಾಕು, ಸಾಕ್ಷಿಗೆ ಕ್ಯಾಲ್ಸಿಯಂ ಬೇಕಾಗಿಲ್ಲ.

ಇದೆಲ್ಲ ಪರೀಕ್ಷೆಯ ಅಂಕಕ್ಕೆ ಮಾತ್ರವೇ? ಅಲ್ಲ. ನಮ್ಮ ಊರುಗಳನ್ನೇ ನೋಡಿರಿ.

ವಾಡಿ, ಸೇಡಂ, ಮಳಖೇಡ, ಚಿಂಚೋಳಿ ತಾಲ್ಲೂಕು, ಎಲ್ಲೆಡೆ ಸಿಮೆಂಟ್ ಕಾರ್ಖಾನೆಗಳಿವೆ. ಸುಣ್ಣದ ಕಲ್ಲಿಗೆ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ ಇರುವ ಮಣ್ಣು ಸೇರಿಸಿ ಸುಮಾರು 1450 ಡಿಗ್ರಿಯಲ್ಲಿ ಸುಟ್ಟರೆ ಕ್ಲಿಂಕರ್. ಯಾವ ಧಾತು ಎಷ್ಟಿದೆ ಎಂದು ಇಂಥ ಕಾರ್ಖಾನೆಗಳ ಪ್ರಯೋಗಾಲಯಗಳಲ್ಲಿ ಎಕ್ಸ್-ರೇ ಯಂತ್ರದಿಂದ ಅಳೆಯುತ್ತಾರೆ. ಮೋಸ್ಲಿ ಕಂಡ ನಿಯಮವೇ ಆ ಯಂತ್ರದ ಬುನಾದಿ. ಕಲ್ಲು ನಮ್ಮ ನೆಲದ್ದು, ಅದನ್ನು ಒಡೆಯುವ ಕೈ ನಮ್ಮ ಮಕ್ಕಳದು. ಆದರೆ ಆ ಪ್ರಯೋಗಾಲಯದ ಕುರ್ಚಿಯಲ್ಲಿ ಕೂಡ್ರಲು ರಸಾಯನಶಾಸ್ತ್ರ ಬೇಕು. ಸಂವಿಧಾನದ 371(ಜೆ) ಕಲಮು ನಮ್ಮ ಭಾಗದವರಿಗೆ ಉದ್ಯೋಗ ಮತ್ತು ಶಿಕ್ಷಣದ ಬಾಗಿಲು ತೆರೆದಿದೆ. ಬಾಗಿಲವರೆಗೆ ನಡೆದು ಹೋಗಲು ಮಕ್ಕಳ ಕಾಲಿಗೆ ಬಲ ಕೊಡುವವರು ಯಾರು?

ಸೇಡಂನ ಹೊಲದಲ್ಲಿ ತೊಗರಿ ಗಿಡ ಕಿತ್ತು ಬೇರು ತೋರಿಸಿರಿ. ಅದರ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ನನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಗಾಳಿಯಲ್ಲಿ ಶೇಕಡಾ 78 ಪಾಲು ನೈಟ್ರೋಜನ್, ಪರಮಾಣು ಸಂಖ್ಯೆ 7. ಯೂರಿಯಾ ಚೀಲದ ಮೇಲೆ ಬರೆದದ್ದೂ ಅದನ್ನೇ. ಚಿಂಚೋಳಿಯ ಕೆಂಪು ಮಣ್ಣಿನ ಬಣ್ಣ ಕಬ್ಬಿಣದ್ದು, ಸಂಖ್ಯೆ 26. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ಗುಳಿಗೆಯಲ್ಲಿಯೂ ಅದೇ ಕಬ್ಬಿಣ. ಆ ಗುಳಿಗೆಯನ್ನು ಕಿಟಕಿಯಿಂದ ಎಸೆಯುವುದನ್ನು ನಾನು ಕಂಡಿದ್ದೇನೆ. ರಕ್ತಕ್ಕೆ ಕೆಂಪು ಕೊಡುವುದು, ಉಸಿರಿನ ಆಕ್ಸಿಜನ್ ಹೊರುವುದು ಆ 26ನೇ ಧಾತುವೇ ಎಂದು ತಿಳಿದ ಹುಡುಗಿ ಎಸೆಯುವ ಮೊದಲು ಒಮ್ಮೆ ಯೋಚಿಸುತ್ತಾಳೆ.

ನೀರಿನ ಮಾತು ಇನ್ನೂ ಗಂಭೀರ. ಕಲ್ಯಾಣ ಕರ್ನಾಟಕದ ಹಲವು ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮೀರಬಾರದು ಎಂಬುದು ಭಾರತೀಯ ಮಾನಕ. ಫ್ಲೋರಿನ್ ಒಂಬತ್ತನೇ ಧಾತು, ಎಲೆಕ್ಟ್ರಾನ್ 2, 7. ಒಂದು ಕಡಿಮೆ ಇರುವುದರಿಂದ ಒಂದನ್ನು ಸೆಳೆದುಕೊಂಡು ಫ್ಲೋರೈಡ್ ಆಗುತ್ತದೆ. ನಮ್ಮ ಹಲ್ಲು ಎಲುಬುಗಳಲ್ಲಿರುವುದು ಎರಡು ಬಿಟ್ಟುಕೊಟ್ಟ ಕ್ಯಾಲ್ಸಿಯಂ. ಫ್ಲೋರೈಡ್ ಅಲ್ಲಿಗೇ ಹೋಗಿ ಸೇರಿಕೊಳ್ಳುತ್ತದೆ. ಹಲ್ಲಿಗೆ ಕಲೆ ಬಿದ್ದದ್ದು, ಸೊಂಟ ಬಾಗಿದ್ದು ಪೂರ್ವಜನ್ಮದ ಕರ್ಮ ಎನ್ನುವವರಿಗೆ ಕೋಷ್ಟಕದ ಎರಡು ಮನೆ ತೋರಿಸಿ ಉತ್ತರ ಕೊಡಬಹುದು. ಕರ್ಮಕ್ಕೆ ಪರಿಹಾರ ಹುಡುಕುವವರು ದಕ್ಷಿಣೆ ಕೊಡುತ್ತಾರೆ. ಕಾರಣ ತಿಳಿದವರು ನೀರಿನ ಪರೀಕ್ಷೆ ಮಾಡಿಸಿ ಪಂಚಾಯತಿಯನ್ನು ಕೇಳುತ್ತಾರೆ.

ನೆರೆಯ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ. 92ನೇ ಧಾತು. ಗಣಿ ಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಮಾತಾಡಬೇಕಾದವರು ಅಲ್ಲಿಯ ಜನ. ನ್ಯೂಕ್ಲಿಯಸ್ ಎಂದರೇನು, ಅದು ತಾನಾಗಿ ಒಡೆದಾಗ ಹೊರಬರುವುದೇನು ಎಂದು ತಿಳಿಯದವರು ಗಾಳಿಮಾತಿಗೆ ಹೆದರುತ್ತಾರೆ, ಇಲ್ಲವೆ ಆಶ್ವಾಸನೆಗೆ ಮರುಳಾಗುತ್ತಾರೆ. ಎರಡೂ ಬೇಡ.

'ಇದು ಶಾಲೆಯ ಕೆಲಸ, ಮಠದ್ದಲ್ಲ' ಎನ್ನುವವರಿದ್ದಾರೆ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿಯೇ ದೊಡ್ಡ ಘಟಿಕಾಸ್ಥಾನವಿತ್ತು. ಅಲ್ಲಿಯ ಶಾಸನ ಗ್ರಂಥ ಕಾಯುವ ಆರು ಜನ ಸರಸ್ವತಿ ಭಂಡಾರಿಗರನ್ನು ಹೆಸರಿಸುತ್ತದೆ. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಆದರೆ ವೇದಾಧ್ಯಯನದ ಆ ಘಟಿಕೆಗಳ ಬಾಗಿಲು ದುಡಿಯುವ ಜನರಿಗೆ ತೆರೆದಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅರಿವನ್ನು ಕಾಯಕದವರ ಮನೆಬಾಗಿಲಿಗೆ ತಂದವರು ಶರಣರು. ಆ ಸಾಲನ್ನೇ ಹಿಡಿದು ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ, ಕಲಬುರಗಿಯಲ್ಲಿ 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ನೇತೃತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿದವು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತ ಓದಿದವರು. ಅವರ ದಾಸೋಹದಲ್ಲಿ ಅನ್ನ, ಅಕ್ಷರ ಎರಡೂ ಇದ್ದವು. ಮಠ ವಿದ್ಯೆಯಿಂದ ದೂರ ನಿಂತ ಕಾಲ ನಮ್ಮ ಪರಂಪರೆಯಲ್ಲಿ ಒಳ್ಳೆಯ ಕಾಲವಲ್ಲ.

'ವಿಜ್ಞಾನ ಕಲಿತರೆ ಮಕ್ಕಳಿಗೆ ಭಕ್ತಿ ಹೋಗುತ್ತದೆ' ಎಂಬ ಅಂಜಿಕೆಯೂ ಕೆಲವರಿಗಿದೆ. ಮೂವತ್ತು ವರ್ಷದಲ್ಲಿ ನಾನು ಕಂಡದ್ದು ಬೇರೆ. ಪ್ರಶ್ನೆ ಕೇಳಿದ್ದರಿಂದ ಯಾರ ಭಕ್ತಿಯೂ ಹೋಗಲಿಲ್ಲ. ದೊಡ್ಡವರು ವೇದಿಕೆಯ ಮೇಲೆ ಸುಳ್ಳು ಹೇಳಿದ್ದು ತಿಳಿದಾಗ ಹೋಗುತ್ತದೆ.

ಆದ್ದರಿಂದ ಪೂಜ್ಯರಲ್ಲಿ, ಮಠಗಳ ಆಡಳಿತ ಮಂಡಳಿಗಳಲ್ಲಿ ನನ್ನ ಬಿನ್ನಹ ಇಷ್ಟು. ಪ್ರತಿ ಪ್ರಸಾದ ನಿಲಯದಲ್ಲಿ ಮಕ್ಕಳು ಉಣ್ಣಲು ಕೂಡ್ರುವ ಪಡಸಾಲೆಯ ಗೋಡೆಗೆ ಒಂದು ದೊಡ್ಡ ಆವರ್ತ ಕೋಷ್ಟಕ ಹಾಕಿಸಿರಿ, ಕನ್ನಡದಲ್ಲಿ. ವಾರಕ್ಕೆ ಒಂದು ತಾಸು ಯಾರಾದರೂ ಬಂದು ಕಲಿಸಲಿ. ನಿವೃತ್ತ ಶಿಕ್ಷಕರು ಪ್ರತಿ ಊರಿನಲ್ಲಿದ್ದಾರೆ. ಕಾರ್ಖಾನೆಯ ಪ್ರಯೋಗಾಲಯಗಳಲ್ಲಿ ದುಡಿಯುವ ನಮ್ಮ ಭಕ್ತರೂ ಇದ್ದಾರೆ. ಅವರಿಂದ ದೇಣಿಗೆ ಕೇಳುವ ಬದಲು ಒಂದು ತಾಸು ಕೇಳಿರಿ, ಅದೂ ದಾಸೋಹವೇ. ಒಂದು ಕಪಾಟಿನಲ್ಲಿ ಸುಣ್ಣ, ಅಡುಗೆ ಸೋಡಾ, ಉಪ್ಪು, ತಾಮ್ರದ ತಂತಿ, ಕಬ್ಬಿಣದ ಮೊಳೆ, ಅಯಸ್ಕಾಂತ, ಒಂದಿಷ್ಟು ಗಾಜಿನ ಲೋಟ ಇಡಿಸಿರಿ. ಒಂದು ದಿನದ ಹೂವಿನ ಅಲಂಕಾರದ ಖರ್ಚೂ ಆಗದು. ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಒಬ್ಬ ಹುಡುಗ ಇಲ್ಲವೆ ಹುಡುಗಿ ಒಂದು ಧಾತುವಿನ ಬಗ್ಗೆ ಐದು ನಿಮಿಷ ಮಾತಾಡಲಿ, ತಮ್ಮ ಊರಿನಲ್ಲಿ ಅದು ಎಲ್ಲಿದೆ ಎಂಬುದನ್ನೂ ಹೇಳಲಿ. ಹೆಣ್ಣುಮಕ್ಕಳ ಸರದಿ ತಪ್ಪದಿರಲಿ.

ಕೊನೆಯ ಬಿನ್ನಹ ಉಪನ್ಯಾಸಕಾರರಲ್ಲಿ, ಅಂದರೆ ನನ್ನಂಥವರಲ್ಲಿ. ವಚನಗಳಲ್ಲಿ ಇಲ್ಲದ್ದನ್ನು ಇದೆ ಎಂದು ಹೇಳುವುದನ್ನು ನಿಲ್ಲಿಸೋಣ. ಮಕ್ಕಳು ಕೇಳಿದಾಗ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನೋಣ, ಓದಿ ಬಂದು ಹೇಳೋಣ.

ಬರುವ ಶ್ರಾವಣದಲ್ಲಿ ಅದೇ ಮಠದ ವೇದಿಕೆಯ ಮೇಲೆ ಹತ್ತು ನಿಮಿಷ ಮಾತಾಡಲು ಪೂಜ್ಯರ ಅಪ್ಪಣೆ ಕೇಳಿದ್ದೇನೆ. ಹಿಂದೆ ಹೇಳಿದ್ದು ತಪ್ಪು ಎಂದು ಮೊದಲು ಹೇಳುತ್ತೇನೆ. ಆಮೇಲೆ ಒಂದು ತುಂಡು ಶಹಾಬಾದ್ ಫರಸಿಯನ್ನು ಕೈಯಲ್ಲಿ ಹಿಡಿದು ಕ್ಯಾಲ್ಸಿಯಂನ ಪಾಠ ಹೇಳುತ್ತೇನೆ. ಆ ಹುಡುಗಿ ಈಗ ಕಾಲೇಜಿಗೆ ಹೋಗಿರಬಹುದು, ಇಲ್ಲವೆ ಮದುವೆಯಾಗಿ ಬೇರೆ ಊರಿಗೆ ಹೋಗಿರಬಹುದು. ಅವಳ ಜಾಗದಲ್ಲಿ ಕುಳಿತ ಬೇರೆ ಮಕ್ಕಳಿಗಾದರೂ ಉತ್ತರ ಸಿಗಬೇಕು.